ಅಕ್ಷರದೊಳಗಿಂದ ಬರುವ ಬೆಳಕು: ಆದಿಲ್‌ಶಾಹಿ ಕಲೆ ಮತ್ತು ಮನಸ್ಸಿನ ಸ್ವಾಸ್ಥ್ಯ



ಜಮಖಂಡಿಯಿಂದ ವಿಜಯಪುರ ಸುಮಾರು 60 ಕಿಲೋಮೀಟರ್. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದಲೂ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ ಸೇರಬಹುದಾದ ದಾರಿ. ನಮ್ಮ ಶಾಲೆಗಳ ಮಕ್ಕಳಲ್ಲಿ ಹೆಚ್ಚಿನವರು ಒಮ್ಮೆಯಾದರೂ ಅಲ್ಲಿಗೆ ಪ್ರವಾಸ ಹೋಗಿಯೇ ಇರುತ್ತಾರೆ. ಗೋಳಗುಮ್ಮಟವನ್ನು ಹತ್ತಿ ಕೂಗು ಹಾಕುವುದು, ಪ್ರತಿಧ್ವನಿ ಎಷ್ಟು ಸಲ ಬಂತೆಂದು ಎಣಿಸುವುದು, ಮಲಿಕ್-ಎ-ಮೈದಾನ್ ತೋಪಿನ ಬಳಿ ಫೋಟೊ ತೆಗೆಸಿಕೊಳ್ಳುವುದು, ಇಷ್ಟರಲ್ಲಿಯೇ ಅರ್ಧ ದಿನ ಕಳೆಯುತ್ತದೆ. ಕೊನೆಗೆ ಇಬ್ರಾಹೀಮ್ ರೋಜಾಕ್ಕೆ ಬರುವ ಹೊತ್ತಿಗೆ ಗುರುಗಳು ಗಡಿಯಾರ ನೋಡುತ್ತಿರುತ್ತಾರೆ, ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿರುತ್ತಾನೆ. ಹತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಿ ಹೊರಬರುತ್ತೇವೆ.

ಆ ಹತ್ತು ನಿಮಿಷ ಸಾಲದು ಎಂಬುದೇ ನನ್ನ ತಕರಾರು. ಆ ಕಟ್ಟಡವನ್ನು ಅವಸರದಲ್ಲಿ ನೋಡಿ ಹೋಗುವವರಿಗಾಗಿ ಕಟ್ಟಿಲ್ಲ. ಸುಮ್ಮನೆ ಕುಳಿತು ನೋಡುವವರಿಗೆ, ನೋಡುತ್ತ ನೋಡುತ್ತ ತನ್ನ ಮನಸ್ಸನ್ನು ತಾನೇ ವಿಚಾರಿಸಿಕೊಳ್ಳುವವರಿಗೆ ಅದು ತೆರೆದುಕೊಳ್ಳುತ್ತದೆ. ಅಂಥ ಶಾಂತಿಯನ್ನು ನಮ್ಮ ಹಿಂದಿನ ಹಕೀಮರು ಕೇವಲ ಭಕ್ತಿಯ ಅಥವಾ ಸೊಗಸಿನ ವಿಷಯವೆಂದು ಬಿಡಲಿಲ್ಲ, ಆರೋಗ್ಯದ ಲೆಕ್ಕಕ್ಕೇ ಸೇರಿಸಿದ್ದರು. ಅಂಕಗಳ ಭಾರ, ಪರೀಕ್ಷೆಯ ಭಯ, ಮಧ್ಯರಾತ್ರಿಯವರೆಗೂ ಕೈಯಲ್ಲಿ ಮಿಣುಕುವ ಮೊಬೈಲು, ಇವುಗಳ ನಡುವೆ ನಿದ್ದೆಗೆಟ್ಟ ಇಂದಿನ ವಿದ್ಯಾರ್ಥಿಗೆ ಈ ಹಳೆಯ ಲೆಕ್ಕವನ್ನು ಒಮ್ಮೆ ತೋರಿಸಬೇಕೆನಿಸಿತು.

ನಮ್ಮ ನೆಲ, ಆ ದೊರೆ

ಆದಿಲ್‌ಶಾಹಿ ಮನೆತನವು 1490ರಿಂದ 1686ರವರೆಗೆ ವಿಜಾಪುರದಿಂದ ಆಳಿತು. ನಮ್ಮ ಊರುಗಳು ಆಗ ಆ ರಾಜಧಾನಿಯ ಅಂಗಳದಲ್ಲಿಯೇ ಇದ್ದವು ಎನ್ನಬಹುದು. ಮುಧೋಳದ ಘೋರ್ಪಡೆಯವರು ವಿಜಾಪುರದ ಸರದಾರರಾಗಿದ್ದರು. ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ ಆದದ್ದು ಬಹಳ ಆಮೇಲೆ, ಮರಾಠರ ಕಾಲದಲ್ಲಿ. ಇತ್ತೀಚೆಗೆ, 1997ರಲ್ಲಿ ಬಾಗಲಕೋಟ ಬೇರೆ ಜಿಲ್ಲೆಯಾಗುವ ತನಕವೂ ನಮಗೆಲ್ಲ ಜಿಲ್ಲೆಯೆಂದರೆ ವಿಜಾಪುರವೇ. ಆದ್ದರಿಂದ ಅಲ್ಲಿಯ ಕಲೆಯನ್ನು ಯಾರದೋ ಅರಮನೆಯ ಸೊತ್ತೆಂದು ನೋಡಬೇಕಾಗಿಲ್ಲ. ಅದು ನಮ್ಮ ಮನೆಯ ಹಿರಿಯರ ಪೆಟ್ಟಿಗೆ.

ಆ ಮನೆತನದಲ್ಲಿ ಎರಡನೆಯ ಇಬ್ರಾಹೀಮ್ ಆದಿಲ್‌ಶಾಹ ವಿಶಿಷ್ಟ ವ್ಯಕ್ತಿ. 1580ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಬಾಲಕ. ಚಾಂದ್‌ಬೀಬಿ ಅವನ ಪರವಾಗಿ ರಾಜ್ಯವನ್ನು ನೋಡಿಕೊಂಡಳು. 1627ರವರೆಗೆ, ನಲವತ್ತೇಳು ವರ್ಷಗಳಷ್ಟು ದೀರ್ಘ ಕಾಲ ಆಳಿದ ಈತನನ್ನು ಜನ ‘ಜಗದ್ಗುರು’ ಎಂದು ಕರೆದರು. ದಖನಿ ಭಾಷೆಯಲ್ಲಿ ಆತ ರಚಿಸಿದ ‘ಕಿತಾಬ್-ಎ-ನವರಸ್’ ಎಂಬ ಗೀತೆಗಳ ಗ್ರಂಥದಲ್ಲಿ ಪ್ರವಾದಿಯವರ (ಸ) ಸ್ಮರಣೆಯೂ ಇದೆ, ಕಲಬುರ್ಗಿಯ ಖ್ವಾಜಾ ಬಂದೇನವಾಜ್ ಗೇಸೂದರಾಜರ ಸ್ಮರಣೆಯೂ ಇದೆ, ಸರಸ್ವತಿಯ ಸ್ತುತಿಯೂ ಇದೆ. 1599ರಲ್ಲಿ ವಿಜಾಪುರದ ಪಶ್ಚಿಮಕ್ಕೆ ನವರಸಪುರವೆಂಬ ಹೊಸ ಊರನ್ನೇ ಕಟ್ಟಿಸತೊಡಗಿದ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ದಾಳಿ ಮಾಡಿ ಅದನ್ನು ಹಾಳುಗೆಡವಿದ. ತೊರವಿಯ ಕಡೆಗೆ ಹೋದರೆ ಅದರ ಅವಶೇಷಗಳು ಕಾಣುತ್ತವೆ.

ಈ ಸುಲ್ತಾನನ ಆಸ್ಥಾನದಲ್ಲಿದ್ದ ಪಾರಸಿ ಕವಿ ಜುಹೂರಿ, ದೊರೆಯ ಸಂಗೀತವನ್ನು ಹೊಗಳಿದಂತೆಯೇ ಅವನ ಕೈಬರಹವನ್ನೂ ಚಿತ್ರ ಬರೆಯುವ ಕೈಚಳಕವನ್ನೂ ಹೊಗಳಿದ್ದಾನೆ. ಆಸ್ಥಾನ ಕವಿಯ ಹೊಗಳಿಕೆಯನ್ನು ಸ್ವಲ್ಪ ಸೋಸಿ ಕುಡಿಯಬೇಕು, ನಿಜ. ಆದರೂ ಆಳುವ ದೊರೆ ಲೇಖನಿ ಹಿಡಿದು ಗಂಟೆಗಟ್ಟಲೆ ಅಕ್ಷರ ತಿದ್ದುವುದನ್ನು ಹೊಗಳತಕ್ಕ ಗುಣವೆಂದು ಆ ಕಾಲ ತಿಳಿದಿತ್ತಲ್ಲ, ಅದನ್ನು ಗಮನಿಸಿರಿ.

ರೋಜಾದ ಕಿಟಕಿಗಳು

ಇಬ್ರಾಹೀಮ್ ರೋಜಾ ಮೂಲತಃ ರಾಣಿ ತಾಜ್ ಸುಲ್ತಾನಾಳಿಗಾಗಿ ಆರಂಭವಾದ ಗೋರಿಯೆಂದು ಹೇಳುತ್ತಾರೆ. ಸುಲ್ತಾನನೇ ಮೊದಲು ತೀರಿಕೊಂಡು ಅಲ್ಲಿ ಮಲಗಿದ. ಒಂದೇ ಕಟ್ಟೆಯ ಮೇಲೆ ಒಂದು ಕಡೆ ಗೋರಿ, ಎದುರಿಗೆ ಮಸೀದಿ, ನಡುವೆ ನೀರಿನ ಕಾರಂಜಿಯ ಕೊಳ. ಕಟ್ಟಿಸುವ ಹೊಣೆ ಹೊತ್ತವನು ಮಲಿಕ್ ಸಂದಲ್.

ಗೋರಿಯ ಹೊರಗೋಡೆಯನ್ನು ನೋಡಿರಿ. ಕಲ್ಲಿನ ಮೇಲೆ ತೆಳುವಾಗಿ ಕೊರೆದ ಚೌಕಟ್ಟುಗಳು, ಅವುಗಳ ತುಂಬ ಅರಬ್ಬಿ ಅಕ್ಷರ, ಬಳ್ಳಿ, ಹೂವು. ಇಡೀ ಕುರ್‌ಆನನ್ನೇ ಈ ಗೋಡೆಗಳ ಮೇಲೆ ಬರೆದಿದ್ದಾರೆಂದು ಕೆಲವರು ಹೇಳುವುದುಂಟು. ಅದು ಪ್ರೀತಿಯಿಂದ ಹುಟ್ಟಿದ ಉತ್ಪ್ರೇಕ್ಷೆ. ಅಷ್ಟು ಜಾಗ ಅಲ್ಲಿಲ್ಲ. ಆಯ್ದ ಆಯತ್‌ಗಳು, ಪಾರಸಿ ಪದ್ಯಗಳು ಇವೆ.

ನಿಜವಾದ ಸೋಜಿಗ ಇರುವುದು ಕಿಟಕಿಗಳಲ್ಲಿ. ಸಾಮಾನ್ಯವಾಗಿ ಕಲ್ಲಿನ ಜಾಲರಿ ಎಂದರೆ ಚೌಕ, ನಕ್ಷತ್ರ, ಹೂವಿನ ಆಕಾರದ ತೂತುಗಳು. ಇಲ್ಲಿ ಹಾಗಲ್ಲ. ಒಂದಕ್ಕೊಂದು ಹೆಣೆದುಕೊಂಡ ಅಕ್ಷರಗಳನ್ನು ಉಳಿಸಿಕೊಂಡು, ಅವುಗಳ ನಡುವಿನ ಕಲ್ಲನ್ನಷ್ಟೇ ಕೊರೆದು ತೆಗೆದಿದ್ದಾರೆ. ಒಳಗಿನ ಕೋಣೆಗೆ ಬರುವ ಬೆಳಕು ಈ ಅಕ್ಷರಗಳ ಸಂದಿನಿಂದಲೇ ಬರಬೇಕು. ಕೋಣೆ ಸುಮಾರು 40 ಅಡಿ ಚೌಕ. ಮೇಲಿನ ಚಾವಣಿ ನಡುವೆ ಆಧಾರವೇ ಇಲ್ಲದೆ ತೂಗಿದಂತೆ ಕಾಣುವ ಸಪಾಟಾದ ಕಲ್ಲಿನದು. ಬಿಸಿಲಿನಿಂದ ಒಳಹೊಕ್ಕವರಿಗೆ ಮೊದಲು ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರ ಕಾರಣ ಗೊತ್ತು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಹೊಂದಿಕೊಳ್ಳಲು ಸಮಯ ಬೇಕು. ಅಕ್ಷಿಪಟಲದ ಶಂಕುಕೋಶಗಳು ಹತ್ತು ನಿಮಿಷದೊಳಗೆ ಹೊಂದಿಕೊಂಡರೆ, ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಇಪ್ಪತ್ತು ಮೂವತ್ತು ನಿಮಿಷವಾದರೂ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಬಸ್ಸು ಹತ್ತಿದ ನಾವು ಏನನ್ನು ನೋಡಿ ಬಂದೆವು ಎಂದು ಈಗ ಲೆಕ್ಕ ಹಾಕಿರಿ. ಕತ್ತಲೆಯನ್ನು ನೋಡಿ ಬಂದೆವು, ಅಷ್ಟೇ. ತಾಳ್ಮೆಯಿಂದ ನಿಂತವನಿಗೆ ಮೊದಲು ಕಿಟಕಿಯ ಅಂಚು, ಆಮೇಲೆ ಒಂದು ‘ಅಲಿಫ್’ನ ನೇರ ಗೆರೆ, ಒಂದು ‘ನೂನ್’ನ ಬಾಗು, ಬಳಿಕ ಚಾವಣಿಯ ಕಲ್ಲಿನ ಮೈ, ಹೀಗೆ ಒಂದೊಂದಾಗಿ ಕಾಣುತ್ತ ಬರುತ್ತದೆ. ಅವಸರ ಮಾಡಿದರೆ ಸಿಗದ, ಕಾದವರಿಗೆ ಮಾತ್ರ ಸಿಗುವ ನೋಟವದು.

ಲೇಖನಿಯ ಬಾದಶಹ

ಅಕ್ಷರಕ್ಕೆ ಇಷ್ಟು ಗೌರವ ಏಕೆ ಎಂದು ಕೇಳಬಹುದು. ಮುಸ್ಲಿಮ್ ಜಗತ್ತಿನಲ್ಲಿ ಖತ್ತಾತಿ, ಅಂದರೆ ಸುಂದರ ಬರವಣಿಗೆ, ಎಲ್ಲ ಕಲೆಗಳಿಗಿಂತ ಮೇಲಿನ ಪೀಠದಲ್ಲಿತ್ತು. ಪವಿತ್ರ ಕುರ್‌ಆನನ್ನು ಬರೆದಿಡುವ ಕೈ ಶುದ್ಧವೂ ಚೆಲುವೂ ಆಗಿರಬೇಕೆಂಬ ಭಾವನೆಯಿಂದ ಅದು ಬೆಳೆಯಿತು. ಬಗ್ದಾದಿನ ಇಬ್ನ್ ಮುಕ್ಲಾ (886-940) ಈ ಕಲೆಗೆ ಅಳತೆಯ ಶಾಸ್ತ್ರ ಕೊಟ್ಟವನು. ಜೊಂಡಿನ ಲೇಖನಿಯ ತುದಿಯನ್ನು ಕಾಗದಕ್ಕೆ ಒತ್ತಿದರೆ ವಜ್ರಾಕಾರದ ಒಂದು ಚುಕ್ಕೆ ಮೂಡುತ್ತದೆ. ಆ ಚುಕ್ಕೆಯೇ ಅಳತೆಗೋಲು. ‘ಅಲಿಫ್’ ಇಷ್ಟು ಚುಕ್ಕೆ ಎತ್ತರ, ‘ಬೇ’ ಇಷ್ಟು ಚುಕ್ಕೆ ಅಗಲ ಎಂದು ಪ್ರತಿ ಅಕ್ಷರಕ್ಕೂ ಲೆಕ್ಕ.

ಇಬ್ನ್ ಮುಕ್ಲಾನ ಬಾಳು ಮಾತ್ರ ಅಷ್ಟು ಅಳತೆಯಲ್ಲಿ ನಡೆಯಲಿಲ್ಲ. ಮೂರು ಸಲ ಖಲೀಫರ ವಜೀರನಾದ, ಮೂರು ಸಲವೂ ಪದವಿಯಿಂದ ಬಿದ್ದ. ಕೊನೆಗೆ ಸೆರೆಮನೆಯಲ್ಲಿ ಅವನ ಬಲಗೈಯನ್ನೇ ಕಡಿದರು. ಆ ಮೊಂಡು ತೋಳಿಗೆ ಲೇಖನಿ ಕಟ್ಟಿಕೊಂಡು ಆತ ಬರೆಯುವುದನ್ನು ಮುಂದುವರಿಸಿದನೆಂದು ಚರಿತ್ರಕಾರರು ಹೇಳುತ್ತಾರೆ. ಅಧಿಕಾರ ಹೋಯಿತು, ಸೊತ್ತು ಹೋಯಿತು, ಕೈಯೂ ಹೋಯಿತು. ಅಭ್ಯಾಸ ಹೋಗಲಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಅಂಕ ಕಡಿಮೆ ಬಂದಿತೆಂದು ಊಟ ಬಿಡುವ ನಮ್ಮ ಮಕ್ಕಳಿಗೆ ಈ ವಜೀರನ ಕಥೆಯನ್ನು ಯಾರಾದರೂ ಹೇಳಬೇಕು.

ಇಬ್ರಾಹೀಮನ ಆಸ್ಥಾನಕ್ಕೆ ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಖತ್ತಾತ ಇದ್ದ. ಆತ ‘ಕಿತಾಬ್-ಎ-ನವರಸ್’ನ ಒಂದು ಪ್ರತಿಯನ್ನು ಅಂದವಾಗಿ ಬರೆದು ಸುಮಾರು 1618ರಲ್ಲಿ ಸುಲ್ತಾನನಿಗೆ ಒಪ್ಪಿಸಿದ. ಮೆಚ್ಚಿದ ಸುಲ್ತಾನ ಅವನಿಗೆ ‘ಬಾದಶಾಹ್-ಎ-ಕಲಮ್’, ಲೇಖನಿಯ ಬಾದಶಹ, ಎಂಬ ಬಿರುದು ಕೊಟ್ಟು, ಬಾದಶಹ ಎಂದ ಮೇಲೆ ನೆಲದ ಮೇಲೆ ಕೂರಿಸುವುದು ಸರಿಯಲ್ಲವೆಂದು ತನ್ನ ಸಿಂಹಾಸನದ ಮೇಲೆಯೇ ಕೂರಿಸಿದನಂತೆ. ಕಥೆಗೆ ಉಪ್ಪುಖಾರ ಸೇರಿರಬಹುದು. ಸೇರಿದ್ದರೂ ಅದು ನಮ್ಮ ಕಡೆಯ ಜನ ಯಾವುದನ್ನು ದೊಡ್ಡದೆಂದು ತಿಳಿದಿದ್ದರು ಎಂಬುದನ್ನು ಹೇಳುತ್ತದೆ.

ಖತ್ತಾತಿಯನ್ನು ಕಲಿಯುವ ಬಗೆಯೇ ಮನಸ್ಸಿಗೊಂದು ವ್ಯಾಯಾಮ. ಅದಕ್ಕೆ ‘ಮಶ್ಕ್’ ಎನ್ನುತ್ತಾರೆ. ಗುರು ಬರೆದ ಒಂದೇ ಅಕ್ಷರವನ್ನು ಶಿಷ್ಯ ದಿನಗಟ್ಟಲೆ ತಿದ್ದುತ್ತಾನೆ. ಉದ್ದನೆಯ ಗೆರೆ ಎಳೆಯುವಾಗ ಉಸಿರು ಹಿಡಿಯಬೇಕು, ಮುಗಿದಾಗ ಬಿಡಬೇಕು. ಉಸಿರು ತಪ್ಪಿದರೆ ಗೆರೆ ನಡುಗುತ್ತದೆ. ಸಿಟ್ಟಿನಲ್ಲಿದ್ದವನ ಅಕ್ಷರ ಕಾಗದದ ಮೇಲೆ ತಾನಾಗಿಯೇ ಚಾಡಿ ಹೇಳುತ್ತದೆ. ಹಿಂದೆ ಉರ್ದು ಕಲಿಯುವ ಮಕ್ಕಳು ಮರದ ತಖ್ತಿಗೆ ಜೇಡಿಮಣ್ಣು ಸವರಿ, ಒಣಗಿಸಿ, ಜೊಂಡಿನ ಲೇಖನಿಯಿಂದ ಬರೆದು, ಮತ್ತೆ ತೊಳೆದು ಸವರುತ್ತಿದ್ದರು. ಉರ್ದು ಪತ್ರಿಕೆಗಳನ್ನೂ ಕಾತಿಬರು ಕೈಯಿಂದಲೇ ಬರೆಯುತ್ತಿದ್ದರು. 1927ರಲ್ಲಿ ಮದರಾಸಿನಲ್ಲಿ ಆರಂಭವಾದ ‘ದಿ ಮುಸಲ್ಮಾನ್’ ಪತ್ರಿಕೆ ದಶಕಗಳ ಕಾಲ ಹಾಗೆಯೇ ಬಂದಿತು. 1990ರ ದಶಕದಲ್ಲಿ ಕಂಪ್ಯೂಟರಿಗೆ ಉರ್ದು ತಂತ್ರಾಂಶ ಬಂದ ಮೇಲೆ ಕಾತಿಬರ ಕೆಲಸ ಹೋಯಿತು, ಅವರ ಜೊತೆಗೆ ಆ ಅಭ್ಯಾಸವೂ ಸರಿಯಿತು. ಕಂಪ್ಯೂಟರನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಹೋದದ್ದು ಏನೆಂದು ತಿಳಿದಿರಬೇಕು.

ಮಿಹ್ರಾಬಿನ ಬಣ್ಣ

ರೋಜಾದಿಂದ ನಗರದ ಇನ್ನೊಂದು ಮಗ್ಗುಲಿಗೆ ಬರೋಣ. ವಿಜಾಪುರದ ಜಾಮಿಯಾ ಮಸೀದಿಯನ್ನು ಮೊದಲನೆಯ ಅಲಿ ಆದಿಲ್‌ಶಾಹ (1557-1580) ಕಟ್ಟಿಸತೊಡಗಿದ. ಮಸೀದಿಯ ಒಳಗೆಲ್ಲ ಬಿಳಿ ಗಾರೆಯ ಕಮಾನುಗಳು, ಯಾವ ಅಲಂಕಾರವೂ ಇಲ್ಲ. ಒಂದರ ಹಿಂದೆ ಒಂದು ಕಮಾನು ದಾಟುತ್ತ ಮುಂದೆ ಹೋದರೆ ಪಶ್ಚಿಮದ ಗೋಡೆಯಲ್ಲಿ ಮಿಹ್ರಾಬು. ಇಷ್ಟು ಹೊತ್ತು ಬಿಳುಪನ್ನೇ ನೋಡಿ ತಂಪಾದ ಕಣ್ಣಿಗೆ ಅಲ್ಲಿ ಒಮ್ಮೆಲೇ ಬಂಗಾರ ಮತ್ತು ಬಣ್ಣ ಬೀಳುತ್ತದೆ. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1636ರ ಸುಮಾರಿಗೆ, ಈ ಚಿತ್ರಣ ಮುಗಿಯಿತು.

ಏನು ಬರೆದಿದ್ದಾರೆ ಅಲ್ಲಿ? ಗೂಡುಗಳಲ್ಲಿ ಇಟ್ಟ ಪುಸ್ತಕಗಳು, ಹೂದಾನಿಗಳು, ಧೂಪದಾನಿಗಳು, ಸರಪಳಿಯಲ್ಲಿ ತೂಗುವ ದೀಪಗಳು. ಗೋಡೆ ಸಪಾಟಾಗಿದ್ದರೂ ನಿಜವಾದ ಗೂಡಿನಲ್ಲಿ ನಿಜವಾದ ಪುಸ್ತಕ ಇದೆಯೇನೋ ಎಂದು ಕೈ ಚಾಚಬೇಕೆನಿಸುವಂತೆ ಬರೆದಿದ್ದಾರೆ. ಜೊತೆಗೆ ಪಾರಸಿ ಬರಹಗಳಿವೆ. ಬದುಕು ಉಳಿಯುವಂಥದ್ದಲ್ಲ, ಈ ಲೋಕದಲ್ಲಿ ನೆಲೆ ಇಲ್ಲ ಎಂಬ ಆಶಯದವು. ಇಷ್ಟು ಸಡಗರದ ಬಣ್ಣದ ನಡುವೆ ಇಂಥ ಮಾತು ಏಕೆ? ಓದುಗರೇ, ನನಗೆ ತೋರುವುದು ಹೀಗೆ. ಬಾಡುವ ಹೂವನ್ನು ಬಂಗಾರದಲ್ಲಿ ಬರೆದವನಿಗೆ ಹೂವು ಬಾಡುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ದುಃಖವನ್ನು ಮರೆಸುವ ಅಲಂಕಾರವಲ್ಲ ಅದು, ದುಃಖದೊಡನೆ ಕುಳಿತುಕೊಳ್ಳಲು ಕಲಿಸುವ ಅಲಂಕಾರ. ಮನೆಯಲ್ಲಿ ಸಾವಾದವರು, ಪರೀಕ್ಷೆಯಲ್ಲಿ ಸೋತವರು, ಸಾಲಕ್ಕೆ ಸಿಕ್ಕವರು ಅಲ್ಲಿ ನಮಾಜಿಗೆ ನಿಂತಿರುತ್ತಾರೆ. ಅವರ ಕಣ್ಣಿನ ಎದುರಿಗೆ ಅದು ಇದೆ.

ಚಿತ್ರ ಬರೆಯಬಹುದೇ?

ಇಲ್ಲಿ ಒಂದು ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗಲಾಗದು. ನಮ್ಮ ಎಷ್ಟೋ ಮನೆಗಳಲ್ಲಿ ಮಗುವಿನ ಕೈಯಿಂದ ಬಣ್ಣದ ಪೆಟ್ಟಿಗೆ ಕಸಿಯುವುದು ಈ ಪ್ರಶ್ನೆಯ ಹೆಸರಿನಲ್ಲಿಯೇ. ಜೀವಿಗಳ ಚಿತ್ರ ಬರೆಯುವುದನ್ನು ಅನೇಕ ಉಲಮಾಗಳು ಒಪ್ಪುವುದಿಲ್ಲ ಎಂಬುದು ನಿಜ. ಆ ಅಭಿಪ್ರಾಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಅಕ್ಷರ, ಬಳ್ಳಿ, ಹೂವು, ಮರ, ಬೆಟ್ಟ, ನೀರು, ರೇಖಾಗಣಿತದ ವಿನ್ಯಾಸ ಇವುಗಳಿಗೆ ಆ ಆಕ್ಷೇಪ ತಟ್ಟುವುದಿಲ್ಲ. ಮಸೀದಿಯ ಮಿಹ್ರಾಬಿನಲ್ಲೇ ಅವು ಇವೆ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಗೋಡೆಯ ಬಣ್ಣದ ಹಂಚುಗಳಲ್ಲಿಯೂ ಅವೇ. ವಿದ್ಯೆ ಕಲಿಯುವ ಮನೆಯ ಮುಖವನ್ನೇ ಅವರು ಬಣ್ಣದಿಂದ ತುಂಬಿದರು. ಸೌಂದರ್ಯವು ಅಲ್ಲಾಹನಿಗೆ ಪ್ರಿಯವೆಂಬ ಆಶಯದ ಹದೀಸು ಸಹೀಹ್ ಮುಸ್ಲಿಮ್‌ನಲ್ಲಿದೆ. ಚೆಂದದ ಬಟ್ಟೆ, ಚೆಂದದ ಪಾದರಕ್ಷೆ ತೊಡಲು ಇಷ್ಟಪಡುವುದು ಅಹಂಕಾರವೇ ಎಂಬ ಪ್ರಶ್ನೆಗೆ ಬಂದ ಉತ್ತರ ಅದು. ಕುರ್‌ಆನಿನ ‘ಅಲ್-ಗಾಶಿಯಾ’ ಸೂರಾದಲ್ಲಿ ಒಂಟೆಯನ್ನು, ಆಕಾಶವನ್ನು, ಬೆಟ್ಟಗಳನ್ನು, ಹಾಸಿದ ನೆಲವನ್ನು ಕಣ್ಣಿಟ್ಟು ನೋಡಿರೆಂಬ ಕರೆ ಇದೆ. ನೋಡಿ ಚಿಂತಿಸುವುದಕ್ಕೆ ‘ತಫಕ್ಕುರ್’ ಎಂದು ಹೆಸರು. ನೋಡಲು ಕಲಿಯದವನು ಚಿಂತಿಸುವುದಾದರೂ ಹೇಗೆ?

ಆದಿಲ್‌ಶಾಹಿ ಆಸ್ಥಾನದ ಚಿತ್ರಕಾರರು ಮನುಷ್ಯರನ್ನೂ ಬರೆದರು. ಅದು ಚರಿತ್ರೆ, ಮುಚ್ಚಿಡಬೇಕಾದ್ದಲ್ಲ. ಎರಡು ಚಿತ್ರಗಳನ್ನು ಮಾತ್ರ ಹೆಸರಿಸುತ್ತೇನೆ. ಒಂದು, ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ, 1600ರ ಆಸುಪಾಸಿನ ‘ಯೋಗಿನಿ’. ಬೂದಿ ಬಣ್ಣದ ಮೈಯ ಯೋಗಿನಿ, ಕೈಯಲ್ಲೊಂದು ಮೈನಾ ಹಕ್ಕಿ, ಸುತ್ತ ಅವಳೆತ್ತರಕ್ಕೆ ಬೆಳೆದ ಹೂಗಿಡಗಳು. ಅವಳು ಹಕ್ಕಿಯನ್ನು ಕೇಳುತ್ತಿದ್ದಾಳೋ, ಹಕ್ಕಿ ಅವಳನ್ನೋ ಹೇಳಲಾಗದು. ಇನ್ನೊಂದು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿರುವ, 1625ರ ಸುಮಾರಿನ ಬಡಕಲು ಕುದುರೆಯ ಚಿತ್ರ. ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಹಿಡಿಯುವ ‘ಅಬ್ರಿ’ ಎಂಬ ವಿಧಾನದಲ್ಲಿ ಮಾಡಿದ್ದು. ಅಬ್ರಿ ಎಂದರೆ ಮೋಡದಂಥದ್ದು. ಎಲುಬು ಎದ್ದು ಕಾಣುವ ಆ ಕುದುರೆ ಹಸಿವಿನಿಂದ ಪಳಗಿಸಿದ ‘ನಫ್ಸ್’, ಅಂದರೆ ಮನುಷ್ಯನ ಆಸೆಬುರುಕ ಮನಸ್ಸು ಎಂದು ಸೂಫಿ ದೃಷ್ಟಿಯಿಂದ ಅರ್ಥ ಹೇಳುತ್ತಾರೆ. ನಮ್ಮಿಂದ 60 ಕಿಲೋಮೀಟರ್ ದೂರದ ಊರಿನಲ್ಲಿ ಹುಟ್ಟಿದ ಚಿತ್ರಗಳನ್ನು ನೋಡಲು ನಾವೀಗ ಸಮುದ್ರ ದಾಟಬೇಕು. ಅಸರ್ ಮಹಲಿನ ಪುಸ್ತಕಗಳೂ 19ನೆಯ ಶತಮಾನದಲ್ಲಿ ಲಂಡನ್ನಿಗೆ ಹೋದವು. ಇರಲಿ, ಗೋಡೆ ಕಿತ್ತುಕೊಂಡು ಹೋಗಲಾಗಲಿಲ್ಲವಲ್ಲ. ವಿಜಯಪುರದ ಪೂರ್ವಕ್ಕೆ ಕುಮಟಗಿಯ ನೀರಿನ ಮಂಟಪಗಳಲ್ಲಿ ಮಾಸಿದ ಭಿತ್ತಿಚಿತ್ರಗಳ ಗುರುತುಗಳಿವೆ.

ಹಕೀಮರ ಆರು ಕಾರಣಗಳು

ಇನ್ನು ಆರೋಗ್ಯದ ಮಾತು. ಇಬ್ರಾಹೀಮನ ಕಾಲದ ಚರಿತ್ರೆಯನ್ನು ಬರೆದ ಫಿರಿಶ್ತಾನ ಹೆಸರನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಆತ ವೈದ್ಯನೂ ಆಗಿದ್ದನೆಂಬುದು ಹೆಚ್ಚಿನವರಿಗೆ ತಿಳಿಯದು. 1589ರಲ್ಲಿ ವಿಜಾಪುರಕ್ಕೆ ಬಂದ ಈತ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ವೈದ್ಯಗ್ರಂಥವನ್ನು ಪಾರಸಿಯಲ್ಲಿ ಬರೆದು, ಭಾರತದ ವೈದ್ಯರ ತಿಳಿವಳಿಕೆಯನ್ನು ಯೂನಾನಿ ಹಕೀಮರಿಗೆ ಮುಟ್ಟಿಸಿದ.

ಆ ಯೂನಾನಿ ಪದ್ಧತಿಯಲ್ಲಿ ‘ಅಸ್ಬಾಬ್-ಎ-ಸಿತ್ತಾ ಜರೂರಿಯಾ’ ಎಂಬ ಮಾತಿದೆ. ಬದುಕಿಗೆ ಬೇಕೇಬೇಕಾದ ಆರು ಕಾರಣಗಳು ಎಂದರ್ಥ. ಗಾಳಿ, ಅನ್ನ ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಉಳಿದು ಹೋಗಬೇಕಾದ್ದು ಹೋಗುವುದು. ನಾಲ್ಕನೆಯದನ್ನು ಇನ್ನೊಮ್ಮೆ ಓದಿರಿ. ಮನಸ್ಸಿಗೂ ಓಟವಿದೆ, ಮನಸ್ಸಿಗೂ ನಿಲುಗಡೆ ಬೇಕು, ಅದು ತಪ್ಪಿದರೆ ಕೆಟ್ಟ ಗಾಳಿ ಸೇವಿಸಿದಷ್ಟೇ ಹಾನಿ ಎಂದು ಇಬ್ನ್ ಸೀನಾನ ಪರಂಪರೆಯ ವೈದ್ಯರು ಪಾಠ ಹೇಳುತ್ತಿದ್ದರು. ಅವನಿಗಿಂತಲೂ ಹಿಂದೆ, 934ರಲ್ಲಿ ತೀರಿಕೊಂಡ ಅಬೂ ಜೈದ್ ಅಲ್-ಬಲ್ಖಿ, ದೇಹ ಮತ್ತು ಮನಸ್ಸು ಎರಡರ ಪೋಷಣೆಯನ್ನೂ ಕುರಿತು ಒಂದೇ ಗ್ರಂಥ ಬರೆದ. ದೇಹ ಚೆನ್ನಾಗಿರುವಾಗಲೇ ಔಷಧಿಯನ್ನು ಕೂಡಿಡುವಂತೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು, ಕಷ್ಟ ಬಂದಾಗ ತೆಗೆದು ಬಳಸಬೇಕು ಎಂಬುದು ಅವನ ಸಲಹೆ. ತುರ್ಕಿಯ ಎದಿರ್ನೆಯಲ್ಲಿ ಸುಲ್ತಾನ್ ಎರಡನೆಯ ಬಾಯಜೀದ್ 1488ರಲ್ಲಿ ಮುಗಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳ ಕೋಣೆಗಳು ಗುಮ್ಮಟದ ಕೆಳಗಿನ ಕಾರಂಜಿಯ ಸುತ್ತ ಇದ್ದವು. ನೀರಿನ ಸದ್ದು, ಸಂಗೀತ, ತೋಟದ ಹೂವಿನ ಪರಿಮಳ ಇವೂ ಚಿಕಿತ್ಸೆಯ ಭಾಗವಾಗಿದ್ದವು.

ಇಂದಿನ ವಿಜ್ಞಾನವೂ ನಿಧಾನವಾಗಿ ಅದೇ ದಾರಿಗೆ ಬರುತ್ತಿದೆ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಅಮೆರಿಕದ ಸಂಶೋಧಕ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ಹೋಲಿಸಿ ನೋಡಿದ. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧಿಯನ್ನೂ ಕಡಿಮೆ ತೆಗೆದುಕೊಂಡಿದ್ದರು. 2016ರಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ಮಂದಿಗೆ 45 ನಿಮಿಷ ಚಿತ್ರ, ಮಣ್ಣಿನ ಕೆಲಸ ಮಾಡಲು ಕೊಟ್ಟು, ಮೊದಲು ಮತ್ತು ನಂತರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲಿನಿಂದ ಚಿತ್ರ ಬರೆದು ರೂಢಿಯಿದ್ದವರಿಗೂ ಇಲ್ಲದವರಿಗೂ ವ್ಯತ್ಯಾಸವಿರಲಿಲ್ಲ. “ನನಗೆ ಡ್ರಾಯಿಂಗ್ ಬರೋದಿಲ್ಲ ಸರ್” ಎನ್ನುವವರು ಇದನ್ನು ಗಮನಿಸಬೇಕು. ಇವು ಸಣ್ಣ ಅಧ್ಯಯನಗಳು, ಇವುಗಳ ಮೇಲೆ ದೊಡ್ಡ ಮನೆ ಕಟ್ಟಬಾರದು. ಚಿತ್ರ ನೋಡಿದರೆ ಖಿನ್ನತೆ ವಾಸಿಯಾಗುತ್ತದೆಂದು ನಾನು ಹೇಳುತ್ತಿಲ್ಲ. ವಾರಗಟ್ಟಲೆ ನಿದ್ದೆ ಬಾರದೆ, ಬದುಕೇ ಬೇಡವೆನಿಸಿದರೆ ವೈದ್ಯರಲ್ಲಿಗೇ ಹೋಗಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಅಕ್ಟೋಬರ್ 2022ರಿಂದ ನಡೆದಿದೆ, ಕನ್ನಡದಲ್ಲಿಯೂ ಮಾತನಾಡಬಹುದು. ಹಕೀಮನ ಬಳಿ ಹೋಗುವುದು ಈಮಾನಿನ ಕೊರತೆಯಲ್ಲ.

ನಮ್ಮ ಮನೆಯೊಳಗಿನದು

ಇಷ್ಟೆಲ್ಲಕ್ಕೂ ವಿಜಯಪುರಕ್ಕೇ ಹೋಗಬೇಕೇ? ಬೇಡ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆಯಿರಿ. ಈಗ ಹೆಚ್ಚಾಗಿ ಪಾವರ್‌ಲೂಮಿನ ಸದ್ದು. ಆದರೂ ನೆಲದ ಕುಣಿಯಲ್ಲಿ ಕಾಲಿಟ್ಟು ಕೂತು ಕೈಮಗ್ಗ ನಡೆಸಿದವರ ಕೆಲಸ ಹೇಗಿತ್ತೆಂಬುದನ್ನು ಹಿರಿಯ ನೇಕಾರರಿಂದ ಕೇಳಿ ತಿಳಿಯಬಹುದು. ನಮ್ಮ ಜಿಲ್ಲೆಯ ಹೆಸರಾಂತ ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದು ಎಳೆ ತಪ್ಪಿದರೂ ಸೆರಗು ಸುಮ್ಮನಿರುವುದಿಲ್ಲ. ಆ ಸೆರಗಿನಲ್ಲಿ ಮೂಡುವುದು ಜೋಳದ ತೆನೆ, ಹಣಿಗೆಯ ಹಲ್ಲು, ಕೋಟೆಯ ಗೋಡೆ, ಗುಡ್ಡದ ಸಾಲು. ನಮ್ಮ ಹೊಲ, ನಮ್ಮ ಮನೆ, ನಮ್ಮ ಊರು ಎಲ್ಲವನ್ನೂ ನೇಕಾರ ನೋಡಿ, ಎಣಿಸಿ, ನೂಲಿಗೆ ಇಳಿಸಿದ್ದಾನೆ. ಇಬ್ನ್ ಮುಕ್ಲಾ ಚುಕ್ಕೆ ಎಣಿಸಿದ, ನಮ್ಮ ನೇಕಾರ ಎಳೆ ಎಣಿಸಿದ. ಒಂದು ಎಚ್ಚರಿಕೆಯನ್ನೂ ಹೇಳಬೇಕು: ನೇಯ್ಗೆಯನ್ನು ಧ್ಯಾನವೆಂದು ಹೊಗಳಿ ಕೂಲಿಯಲ್ಲಿ ಜಿಪುಣತನ ಮಾಡುವವರ ಸಾಲಿಗೆ ನಾವು ಸೇರಬಾರದು. ಹೊಟ್ಟೆ ತುಂಬದವನಿಗೆ ಎಳೆ ಎಣಿಸುವುದು ಧ್ಯಾನವಲ್ಲ, ದಣಿವು.

ಮನೆಯೊಳಗೆ ಬಂದರೆ ಕೌದಿ. ಬೀಳಗಿಯಾಗಲಿ ಮುಧೋಳವಾಗಲಿ, ನಮ್ಮ ಕಡೆ ಅಜ್ಜಿ, ಅಮ್ಮಂದಿರು ಹಳೆ ಸೀರೆ, ಹರಿದ ಅಂಗಿ, ಮಗುವಿನ ಕುಲಾವಿ ಎಲ್ಲ ಕೂಡಿಸಿ ಕೌದಿ ಹೊಲಿಯುತ್ತ ಬಂದವರು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ನಾಲ್ಕು ಹೆಣ್ಣುಮಕ್ಕಳು ಸುತ್ತ ಕೂತು ಸಾಲು ಸಾಲಾಗಿ ಟಾಕು ಹಾಕುವಾಗ ಎಷ್ಟು ಕಣ್ಣೀರು, ಎಷ್ಟು ನಗು ಆ ಬಟ್ಟೆಯೊಳಗೆ ಹೋಗಿದೆಯೋ! ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯ ಮೂಲೆಗಳಲ್ಲಿ ಬಟ್ಟೆ ಮಡಿಚಿ ಮಾಡಿದ ‘ಫೂಲ’ ಇರುತ್ತದೆ. ಹೂವಿಲ್ಲದೆ ಕೌದಿ ಮುಗಿಯದು ಎಂಬ ನಂಬಿಕೆ ಅವರದು. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಹೂವು ಎಲ್ಲರದೂ. ಆ ಕೌದಿಗಳು ಈಗ ದೇಶವಿದೇಶದ ಪ್ರದರ್ಶನಗಳಲ್ಲಿ ಗೋಡೆಯ ಮೇಲೆ ತೂಗುತ್ತಿವೆ. ನಮ್ಮವು ಅಟ್ಟದ ಮೇಲೆ ಗಂಟಿನಲ್ಲಿವೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಈ ವರ್ಷ ಎಸ್ಸೆಸ್ಸೆಲ್ಸಿ, ಕೆಲವರು ಪಿಯುಸಿ. ಓದಬೇಡಿರೆಂದು ಶಿಕ್ಷಣ ಸಂಸ್ಥೆಯ ಸಂಚಿಕೆಯಲ್ಲಿ ಬರೆಯಲಾದೀತೇ? ಚೆನ್ನಾಗಿ ಓದಿರಿ. ಆದರೆ ದಿನಕ್ಕೆ ಅರ್ಧ ಗಂಟೆ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಒಂದು ಎಲೆಯನ್ನೋ, ಅಜ್ಜಿಯ ಕೌದಿಯ ಒಂದು ಮೂಲೆಯನ್ನೋ, ಒಂದೇ ‘ಅಲಿಫ್’ ಅನ್ನೋ ಎದುರಿಗಿಟ್ಟುಕೊಂಡು ಪೆನ್ಸಿಲಿನಿಂದ ಬರೆಯಿರಿ. ಚೆನ್ನಾಗಿ ಬರದಿದ್ದರೆ ಹರಿದು ಹಾಕಬೇಡಿರಿ, ಕೆಳಗೆ ತಾರೀಖು ಹಾಕಿ ಇಟ್ಟುಕೊಳ್ಳಿರಿ. ಫಜರ್ ನಮಾಜಿನ ನಂತರದ ಹೊತ್ತು ಇದಕ್ಕೆ ಬಹಳ ಒಳ್ಳೆಯದು. ಮನೆಯಲ್ಲಿ ಇನ್ನೂ ಯಾರೂ ಮಾತನಾಡುತ್ತಿರುವುದಿಲ್ಲ.

ಸಂಸ್ಥೆಯ ಹಿರಿಯರಲ್ಲಿಯೂ ಒಂದು ವಿನಂತಿ. ಖತ್ತಾತಿ ಬಲ್ಲ ಒಬ್ಬರನ್ನು ವಾರಕ್ಕೊಮ್ಮೆ ಕರೆಸಿರಿ, ಹೆಣ್ಣುಮಕ್ಕಳ ತರಗತಿಗೆ ಮೊದಲು. ಜೊಂಡಿನ ಲೇಖನಿಗೆ, ಮಸಿಗೆ ಹೆಚ್ಚು ಹಣ ಬೇಕಾಗದು. ಕೃಷ್ಣೆ, ಘಟಪ್ರಭೆಯ ದಂಡೆಯಲ್ಲಿ ಜೊಂಡಿಗೇನು ಬರವಿಲ್ಲ. ಮುಂದಿನ ಪ್ರವಾಸದಲ್ಲಿ ಇಬ್ರಾಹೀಮ್ ರೋಜಾವನ್ನು ಕೊನೆಗಿಡದೆ ಬೆಳಿಗ್ಗೆಯೇ ಮೊದಲು ಇಡಿರಿ. ಪ್ರತಿ ಮಗುವಿಗೂ ಒಂದು ಹಾಳೆ, ಒಂದು ಪೆನ್ಸಿಲು, ಒಂದು ಕಿಟಕಿ, ಒಂದು ಗಂಟೆ ಕೊಡಿರಿ. ಡ್ರೈವರಿಗೆ ಅಷ್ಟು ಹೊತ್ತು ಚಹಾ ಕುಡಿದು ಬರಲು ಹೇಳಿದರಾಯಿತು.